ಸೀಕ್ವೆನ್ಸರ್ ತಗೊಂಡ್ರಾ? ಪ್ಲೇ ಒತ್ತೋಕೆ ಮುಂಚೆ ಇಷ್ಟು ಓದ್ಕೊಳ್ಳಿ

ಗುಬ್ಬಿ ಕಡೆ ಹುಡುಗ ಒಬ್ಬ ತುಮಕೂರಿಗೆ ನಮ್ಮ ಮನೆ ಹುಡುಕ್ಕೊಂಡು ಬಂದಿದ್ದ, ಬ್ಯಾಗಲ್ಲಿ ಟವಲ್ ಸುತ್ತಿದ ಒಂದು ಡಬ್ಬ. ಸೆಕೆಂಡ್ ಹ್ಯಾಂಡ್ ಮಿಡಿ ಸೀಕ್ವೆನ್ಸರ್. ಮಿಡಿ ಅಂದ್ರೆ ಎಲೆಕ್ಟ್ರಾನಿಕ್ ವಾದ್ಯಗಳು ಒಂದಕ್ಕೊಂದು ಮಾತಾಡೋ ಭಾಷೆ. "ಅಣ್ಣ, ಮೋಸ ಹೋದೆ ಅನ್ಸುತ್ತೆ, ಲೈಟೆಲ್ಲಾ ಚೆನ್ನಾಗೇ ಓಡ್ತವೆ, ಸೌಂಡ್ ಮಾತ್ರ ಇಲ್ಲ, ಹೆಡ್‌ಫೋನ್ ಹಾಕೋಕೆ ತೂತೂ ಇಲ್ಲ" ಅಂದ. ನಗು ಬಂತು ಆದ್ರೆ ನಗಲಿಲ್ಲ, ಯಾಕಂದ್ರೆ ಮೊದಲನೇ ಸಲ ನಾನೂ ಇದೇ ಮಾತಂದಿದ್ದೆ. ಡಬ್ಬ ಸರಿಯಾಗೇ ಇತ್ತು. ಅವತ್ತು ಸಾಯಂಕಾಲ ಅವನಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತಿದೀನಿ, ಕೀಬೋರ್ಡ್ ನುಡಿಸೋಕೆ ಬರುತ್ತೆ ಆದ್ರೆ ಈ ಡಬ್ಬದ ಮೇಲಿರೋ ಮಾತುಗಳು ಅರ್ಥ ಆಗ್ತಿಲ್ಲ ಅನ್ನೋರಿಗೆ.

ಮೊದಲು ಒಂದು ವಿಷಯ ತಲೇಲಿ ಕೂರಬೇಕು. ಸೀಕ್ವೆನ್ಸರ್‌ಗೆ ಗಂಟಲಿಲ್ಲ. ನಮ್ಮ ಕಡೆ ಊರಲ್ಲಿ ಕುರುಕ್ಷೇತ್ರ ನಾಟಕ ಆಡೋವಾಗ ಪರದೆ ಪಕ್ಕ ಪುಸ್ತಕ ಹಿಡ್ಕೊಂಡು ನಿಂತು ಮಾತು ಎತ್ಕೊಡ್ತಾರಲ್ಲ, ಅವರ ಕೆಲಸಾನೇ ಇದರದ್ದೂ. ದುರ್ಯೋಧನ ಯಾವಾಗ ಶುರು ಮಾಡ್ಬೇಕು, ಯಾವ ಮಾತು, ಎಷ್ಟು ಜೋರು, ಎಲ್ಲಾ ಅವರಿಗೆ ಗೊತ್ತು, ಆದ್ರೆ ಸ್ಟೇಜ್ ಮೇಲೆ ಕೂಗೋನು ಪಾತ್ರಧಾರಿ. ಹಂಗೇ ಸೀಕ್ವೆನ್ಸರ್ "ಈಗ ಸ ನುಡಿಸು, ಇಷ್ಟು ಜೋರಾಗಿ, ಈಗ ನಿಲ್ಸು" ಅಂತ ಹೇಳ್ತಾ ಹೋಗುತ್ತೆ, ಸೌಂಡ್ ಕೊಡೋದು ಆ ಕಡೆ ಇರೋ ಕೀಬೋರ್ಡೋ, ಸಿಂಥೋ (ಸೌಂಡ್ ಹುಟ್ಟಿಸೋ ಎಲೆಕ್ಟ್ರಾನಿಕ್ ವಾದ್ಯ), ಆಕ್ಟೋಪ್ಯಾಡೋ (ಕೋಲಲ್ಲಿ ಹೊಡೆಯೋ ಎಲೆಕ್ಟ್ರಾನಿಕ್ ಡ್ರಮ್). ಸೀಕ್ವೆನ್ಸರೂ ಸಿಂಥೂ ಒಂದೇ ಡಬ್ಬದಲ್ಲಿರೋ ಮಷಿನ್‌ಗಳೂ ಬರ್ತವೆ, ಅದಕ್ಕೇ ಜನ ಕನ್‌ಫ್ಯೂಸ್ ಆಗೋದು. ಮುಂದೆ ಯಾವುದಾದ್ರೂ ತೊಂದರೆ ಬಂದ್ರೆ ಈ ಮಾತು ಎತ್ಕೊಡೋರನ್ನ ನೆನಪು ಮಾಡ್ಕೊಳ್ಳಿ, ಮುಕ್ಕಾಲು ಪಾಲು ಅಲ್ಲೇ ಗೊತ್ತಾಗುತ್ತೆ.

ಕೇಬಲ್ ಹಾಕೋದು

ಹಿಂದುಗಡೆ ಐದು ಪಿನ್ನಿನ ದುಂಡಗಿರೋ ತೂತುಗಳಿರ್ತವೆ, ಮಿಡಿ ಇನ್, ಮಿಡಿ ಔಟ್, ಕೆಲವದರಲ್ಲಿ ಮಿಡಿ ಥ್ರೂ. ಎತ್ಕೊಡೋರ ಬಾಯಿಂದ ನುಡಿಸೋರ ಕಿವಿಗೆ, ಅಂದ್ರೆ ಸೀಕ್ವೆನ್ಸರಿನ ಔಟ್‌ನಿಂದ ಕೀಬೋರ್ಡಿನ ಇನ್‌ಗೆ ಒಂದು ಕೇಬಲ್. ಔಟ್‌ನಿಂದ ಔಟ್‌ಗೆ ಹಾಕಿದ್ರೆ ಏನೂ ಸುಟ್ಟೋಗಲ್ಲ, ಕೆಲಸಾನೂ ಆಗಲ್ಲ. ಕೀಬೋರ್ಡಲ್ಲಿ ನುಡಿಸಿದ್ದನ್ನ ಸೀಕ್ವೆನ್ಸರ್‌ಗೆ ರೆಕಾರ್ಡ್ ಮಾಡ್ಬೇಕು ಅಂದ್ರೆ ವಾಪಸ್ ಇನ್ನೊಂದು ಕೇಬಲ್, ಕೀಬೋರ್ಡ್ ಔಟ್‌ನಿಂದ ಸೀಕ್ವೆನ್ಸರ್ ಇನ್‌ಗೆ. ಥ್ರೂ ಅಂದ್ರೆ ಇನ್‌ಗೆ ಏನು ಬಂತೋ ಅದನ್ನೇ ಹಂಗಂಗೇ ಮುಂದಕ್ಕೆ ದಾಟಿಸೋ ತೂತು, ಎರಡನೇ ಕೀಬೋರ್ಡನ್ನ ಅದಕ್ಕೆ ಸಿಕ್ಕಿಸ್ಬೋದು. ಕೇಬಲ್ 15 ಮೀಟರ್ ದಾಟಬಾರದು ಅನ್ನೋದು ನಿಯಮ, ನಮಗೆ ಸ್ಟೇಜಲ್ಲಿ 3 ಮೀಟರ್ ಸಾಕು. ಈ ಕೇಬಲ್ಲಲ್ಲಿ ಹಾಡು ಹೋಗಲ್ಲ ಅನ್ನೋದು ಮರೀಬೇಡಿ, ಮಿಕ್ಸರ್‌ಗೆ ಹೋಗೋ ಆಡಿಯೋ ಕೇಬಲ್ ಕೀಬೋರ್ಡಿಂದಾನೇ ಹೋಗ್ಬೇಕು.

ಈಗ ನಿಜವಾದ ತಲೆನೋವು. ಮನೆಮನೇಲಿರೋ ಪೋರ್ಟಬಲ್ ಕೀಬೋರ್ಡ್‌ಗಳಲ್ಲಿ ಬಹಳಷ್ಟಕ್ಕೆ ಐದು ಪಿನ್ನಿನ ತೂತೇ ಇಲ್ಲ, ಯುಎಸ್‌ಬಿ ಟು ಹೋಸ್ಟ್ ಅಂತ ಒಂದು ಚೌಕದ ತೂತು ಮಾತ್ರ. ಅದು ಕಂಪ್ಯೂಟರಿಗೆ ಹಾಕೋದು. ಸೀಕ್ವೆನ್ಸರ್ ಮೇಲಿರೋ ಯುಎಸ್‌ಬೀನೂ ಸಾಮಾನ್ಯವಾಗಿ ಕಂಪ್ಯೂಟರಿಗೆ ಹಾಕೋದೇ, ಹಂಗಾಗಿ ಇವೆರಡನ್ನ ಸುಮ್ನೆ ಒಂದು ಯುಎಸ್‌ಬಿ ವೈರಲ್ಲಿ ಸೇರಿಸಿದ್ರೆ ಇಬ್ರೂ ಇನ್ನೊಬ್ರು ಮಾತು ಶುರು ಮಾಡ್ಲಿ ಅಂತ ಕಾಯ್ತಾ ಕೂತ್ಕೊತಾರೆ. ನಡುವೆ ಯುಎಸ್‌ಬಿ ಮಿಡಿ ಹೋಸ್ಟ್ ಅನ್ನೋ ಚಿಕ್ಕ ಡಬ್ಬಿ ಬೇಕು, ಇಲ್ಲಾ ಕಂಪ್ಯೂಟರಿನ ಜಾಗದಲ್ಲಿ ತಾನೇ ನಿಂತು ಮಾತು ಶುರು ಮಾಡೋ, ಅಂದ್ರೆ ಹೋಸ್ಟ್ ಆಗೋ ಯುಎಸ್‌ಬಿ ತೂತಿರೋ ಸೀಕ್ವೆನ್ಸರ್ ಬೇಕು. ದುಡ್ಡು ಕೊಡೋ ಮುಂಚೆ ನಿಮ್ಮ ಕೀಬೋರ್ಡ್ ಹಿಂದುಗಡೆ ಒಂದ್ಸಲ ಬಗ್ಗಿ ನೋಡಿ, ಇಷ್ಟೇ ನಾನು ಕೈ ಮುಗಿದು ಕೇಳ್ಕೊಳ್ಳೋದು.

ಚಿಕ್ಕ ಮಷಿನ್‌ಗಳಲ್ಲಿ ದುಂಡಗಿನ ತೂತಿಗೆ ಜಾಗ ಇಲ್ಲ ಅಂತ ಇಯರ್‌ಫೋನ್ ತರದ 3.5 ಎಂಎಂ ತೂತು ಕೊಟ್ಟಿರ್ತಾರೆ, ಜೊತೆಗೆ ಗಿಡ್ಡ ಅಡಾಪ್ಟರ್. ಇದರಲ್ಲಿ ಟೈಪ್ ಎ, ಟೈಪ್ ಬಿ ಅಂತ ಎರಡು ತರ ವೈರಿಂಗ್ ಇದೆ. 2018ರಲ್ಲಿ ಟೈಪ್ ಎ ಅನ್ನೇ ಸ್ಟ್ಯಾಂಡರ್ಡ್ ಮಾಡಿದ್ರು, ಅದಕ್ಕೂ ಹಿಂದಿನ ಕೆಲವು ಮಷಿನ್‌ಗಳು ಬಿ. ನೋಡೋಕೆ ಎರಡೂ ಒಂದೇ, ಅಡಾಪ್ಟರ್ ಅದಲುಬದಲಾದ್ರೆ ಸದ್ದೇ ಇಲ್ಲ. ಗುಬ್ಬಿ ಹುಡುಗನ ಕಥೇಲಿ ಅರ್ಧ ಇದೇ ಆಗಿತ್ತು, ಮಾರಿದವರು ಬೇರೆ ಯಾವುದೋ ಮಷಿನ್ನಿನ ಅಡಾಪ್ಟರ್ ಹಾಕಿ ಕೊಟ್ಟಿದ್ರು.

ಚಾನೆಲ್ ಬೇರೆ, ಟ್ರ್ಯಾಕ್ ಬೇರೆ

ಇನ್ನರ್ಧ ಚಾನೆಲ್. ಒಂದು ಮಿಡಿ ಕೇಬಲ್ ಒಳಗೆ 16 ಚಾನೆಲ್ ಇರುತ್ತೆ. ಪಾತ್ರದ ಹೆಸರು ಅಂತ ಇಟ್ಕೊಳ್ಳಿ, ಎತ್ಕೊಡೋರು "ಭೀಮ" ಅಂತ ಹೇಳಿ ಮಾತು ಎತ್ಕೊಟ್ರೆ ಭೀಮ ಮಾತ್ರ ಬಾಯಿ ಬಿಡ್ಬೇಕು. ಸೀಕ್ವೆನ್ಸರ್ 3ನೇ ಚಾನೆಲ್‌ಗೆ ಕಳಿಸ್ತಿದ್ದು ಸಿಂಥು 1ನೇ ಚಾನೆಲ್ ಕೇಳಿಸ್ಕೊಳ್ತಾ ಕೂತಿದ್ರೆ ಸೌಂಡ್ ಎಲ್ಲಿಂದ ಬರುತ್ತೆ? ಎರಡೂ ಕಡೆ ಒಂದೇ ನಂಬರ್ ಇರ್ಬೇಕು. ಕೀಬೋರ್ಡಲ್ಲಿ ಓಮ್ನಿ ಅಂತ ಇದ್ರೆ ಎಲ್ಲಾ ಚಾನೆಲ್ಲೂ ಕೇಳಿಸ್ಕೊಳ್ಳುತ್ತೆ ಅಂತರ್ಥ, ಟೆಸ್ಟ್ ಮಾಡೋಕೆ ಒಳ್ಳೇದು, ಎರಡು ವಾದ್ಯ ಸೇರಿಸಿದ ತಕ್ಷಣ ಆಫ್ ಮಾಡಿ.

ಟ್ರ್ಯಾಕ್ ಅಂದ್ರೆ ಸೀಕ್ವೆನ್ಸರ್ ಒಳಗಿನ ಒಂದು ಹಾಳೆ, ಬೇಸ್ ಒಂದು ಹಾಳೇಲಿ, ಮೆಲೊಡಿ ಒಂದು ಹಾಳೇಲಿ ಬರ್ಕೊಂಡಂಗೆ. ಆ ಹಾಳೆ ಯಾವ ಚಾನೆಲ್‌ಗೆ ಹೋಗ್ಬೇಕು ಅನ್ನೋದು ನೀವು ಸೆಟ್ ಮಾಡೋದು, ಎರಡು ಟ್ರ್ಯಾಕನ್ನ ಒಂದೇ ಚಾನೆಲ್‌ಗೆ ಕಳಿಸಿದ್ರೂ ಯಾರೂ ಕೇಳಲ್ಲ. ಡ್ರಮ್ಸ್‌ಗೆ ಮಾತ್ರ 10ನೇ ಚಾನೆಲ್ ಅಂತ ವಾಡಿಕೆ, 1991ರಲ್ಲಿ ಬಂದ ಜನರಲ್ ಮಿಡಿ ನಿಯಮದಿಂದ. ಹಾರ್ಮೋನಿಯಂ ಸೌಂಡ್ ಹಾಕೋಕೆ ಹೋಗಿ 10ಕ್ಕೆ ಕಳಿಸಿದ್ರೆ ರಾಗದ ಬದ್ಲು ತಮಟೆ, ತಾಳ, ಶಿಳ್ಳೆ ಎಲ್ಲಾ ಒಟ್ಟಿಗೆ ಬರುತ್ತೆ, ಒಂದ್ಸಲ ಮಾಡಿ ನೋಡಿ ಮಜಾ ಇರುತ್ತೆ.

ಲೋಕಲ್ ಆಫ್ ಅನ್ನೋದೂ ಇಲ್ಲೇ ಹೇಳ್ಬಿಡ್ತೀನಿ. ಎರಡು ಕಡೆ ಕೇಬಲ್ ಹಾಕಿದಾಗ ಕೀ ಒತ್ತಿದ್ರೆ ಕೀಬೋರ್ಡು ತಾನಾಗೇ ಒಂದ್ಸಲ ನುಡಿಯುತ್ತೆ, ಅದೇ ನೋಟು ಸೀಕ್ವೆನ್ಸರ್‌ಗೆ ಹೋಗಿ ವಾಪಸ್ ಬಂದು ಇನ್ನೊಂದ್ಸಲ ನುಡಿಯುತ್ತೆ, ಸೌಂಡ್ ಡಬಲ್ ಡಬಲ್ ಆಗಿ ಡಬ್ಬದೊಳಗೆ ಹಾಡ್ದಂಗೆ ಕೇಳುತ್ತೆ. ಕೀಬೋರ್ಡ್ ಮೆನುವಲ್ಲಿ ಲೋಕಲ್ ಆಫ್ ಮಾಡಿದ್ರೆ ಸರಿ ಹೋಗುತ್ತೆ. ಮಾರನೇ ದಿನ ಕೇಬಲ್ ಇಲ್ದೆ ಕೀಬೋರ್ಡ್ ಆನ್ ಮಾಡಿ ಸೌಂಡೇ ಇಲ್ಲ ಅಂತ ರಿಪೇರಿಗೆ ಹೊತ್ಕೊಂಡು ಹೋಗ್ಬೇಡಿ, ವಾಪಸ್ ಆನ್ ಮಾಡಿ ಅಷ್ಟೆ.

ಒಂದು ನೋಟು ಅಂದ್ರೆ ಏನೇನು

ಕೀ ಒತ್ತಿದಾಗ ನೋಟ್ ಆನ್, ಬಿಟ್ಟಾಗ ನೋಟ್ ಆಫ್, ಎರಡು ಬೇರೆ ಬೇರೆ ಸಂದೇಶ. ನೋಟ್ ಆನ್ ಜೊತೆ ನೋಟ್ ನಂಬರ್, 0ಯಿಂದ 127ರ ತನಕ, ನಡುವಿನ ಸಿ ಅಂದ್ರೆ 60. ಆಮೇಲೆ ವೆಲಾಸಿಟಿ, ಎಷ್ಟು ಜೋರಾಗಿ ಹೊಡೆದ್ರಿ ಅನ್ನೋದು, 1ರಿಂದ 127. ಇದಿಷ್ಟು ಕೇಬಲ್ಲಲ್ಲಿ ಹೋಗೋಕೆ ಸುಮಾರು 1 ಮಿಲಿಸೆಕೆಂಡ್ ಹಿಡಿಯುತ್ತೆ, ವೇಗ ಸೆಕೆಂಡಿಗೆ 31,250 ಬಿಟ್. 1983ರಲ್ಲಿ ಹುಟ್ಟಿದ ಲೆಕ್ಕ ಇದು, ಆ ವರ್ಷದ ಜನವರೀಲಿ ಅಮೆರಿಕದ ನ್ಯಾಮ್ ಅನ್ನೋ ವಾದ್ಯಗಳ ಮೇಳದಲ್ಲಿ ಪ್ರಾಫೆಟ್ 600 ಅನ್ನೋ ಸಿಂಥಿಗೂ ರೋಲ್ಯಾಂಡ್ ಕಂಪನಿಯ ಜುಪಿಟರ್ 6 ಸಿಂಥಿಗೂ ಕೇಬಲ್ ಹಾಕಿ ಎರಡು ಕಂಪನಿ ವಾದ್ಯ ಒಟ್ಟಿಗೆ ನುಡಿಸಿ ತೋರ್ಸಿದ್ರು. ಅವತ್ತಿನ ಮಷಿನ್‌ಗೆ ಇವತ್ತಿನ ಸೀಕ್ವೆನ್ಸರ್ ಸಿಕ್ಕಿಸಿದ್ರೂ ನೋಟು ನುಡಿಯುತ್ತೆ. ಫೋನ್ ಚಾರ್ಜರ್‌ಗಳೂ ಹಿಂಗೇ ಇದ್ದಿದ್ರೆ ಅನ್ಸುತ್ತೆ ನಂಗೆ.

ಆನ್, ಆಫ್ ಬೇರೆ ಬೇರೆ ಅನ್ನೋದು ಯಾಕೆ ಮುಖ್ಯ ಅಂದ್ರೆ, ಒಂದ್ಸಲ ಊರಿನ ನಾಟಕದಲ್ಲಿ ದ್ರೌಪದಿ ಪ್ರವೇಶಕ್ಕೆ ಸ್ಟ್ರಿಂಗ್ಸ್ ಸೌಂಡ್ ಬಿಟ್ಟಿದ್ದೆ, ಪರದೆ ಎಳೆಯೋ ಹುಡುಗ ಓಡಿ ಬಂದು ಕೇಬಲ್ ಎಡವಿದ, ಕಿತ್ತು ಬಂತು. ನೋಟ್ ಆನ್ ಹೋಗಿ ಆಗಿದೆ, ನೋಟ್ ಆಫ್ ತಲುಪಲೇ ಇಲ್ಲ. ಸಿಂಥಿಗೇನು ಗೊತ್ತು, ಕೊಂಯ್ಯ್ ಅಂತ ಒಂದೇ ಸ್ವರ ಹಿಡ್ಕೊಂಡು ಕೂತ್ಬಿಡ್ತು, ದ್ರೌಪದಿ ಮಾತು ಶುರು ಮಾಡಿದ್ರೂ ಬಿಡ್ಲಿಲ್ಲ. ನಾನು ಸ್ಟಾಪ್ ಸ್ಟಾಪ್ ಅಂತ ಒತ್ತಿದ್ದೇ ಒತ್ತಿದ್ದು, ಕೇಬಲ್ಲೇ ಇಲ್ದೆ ಯಾವ ಸ್ಟಾಪ್ ಹೋಗುತ್ತೆ! ಕೊನೆಗೆ ಸಿಂಥ್ ಆಫ್ ಮಾಡಿ ಆನ್ ಮಾಡ್ದೆ. ಕೇಬಲ್ ಹಾಕಿದ್ದಂಗೇ ಹಿಂಗಾದ್ರೆ ಪ್ಯಾನಿಕ್ ಅನ್ನೋ ಫಂಕ್ಷನ್ ಇದೆ, ಎಲ್ಲಾ ನೋಟನ್ನೂ ನಿಲ್ಲಿಸೋ ಸಂದೇಶ ಕಳಿಸುತ್ತೆ, ಕೆಲವು ಮಷಿನಲ್ಲಿ ಸ್ಟಾಪನ್ನ ಬೇಗ ಬೇಗ ಎರಡು ಮೂರು ಸಲ ಒತ್ತಿದ್ರೆ ಅದೇ. ನಿಮ್ಮದರಲ್ಲಿ ಎಲ್ಲಿದೆ ಅಂತ ಇವತ್ತೇ ಹುಡುಕಿಟ್ಕೊಳ್ಳಿ.

ನೋಟ್ ಅಲ್ದೆ ಸಿಸಿ ಅಂತ ಇದೆ, ಕಂಟ್ರೋಲ್ ಚೇಂಜ್, ಗುಂಡಿ ಪೆಡಲ್ ಅಲ್ಲಾಡಿಸಿದ್ದನ್ನ ಹೇಳೋ ಸಂದೇಶ. ಸಿಸಿ 1 ಮಾಡ್ಯುಲೇಷನ್ (ಸ್ವರದ ನಡುಕ), 7 ವಾಲ್ಯೂಮ್, 10 ಪ್ಯಾನ್ (ಸೌಂಡ್ ಎಡಕ್ಕೋ ಬಲಕ್ಕೋ), 64 ಸಸ್ಟೇನ್ ಪೆಡಲ್. ಪ್ರೋಗ್ರಾಮ್ ಚೇಂಜ್ ಅಂದ್ರೆ ವೀಣೆ ಸೌಂಡಿಂದ ಕೊಳಲಿಗೆ ಹೋಗು ಅಂತ ಹೇಳೋದು, ಇದರ ನಂಬರ್ ಕೆಲವು ಮಷಿನಲ್ಲಿ 0ಯಿಂದ ಶುರು ಕೆಲವದರಲ್ಲಿ 1ರಿಂದ, ಹಂಗಾಗಿ ನೀವು ಕೇಳಿದ್ದರ ಪಕ್ಕದ ಸೌಂಡ್ ಬಂದ್ರೆ ಒಂದು ಕಳೀರಿ ಇಲ್ಲಾ ಕೂಡಿ.

ಸ್ಟೆಪ್ ಹಾಕೋದು, ಅದೂ ನಮ್ಮ ತಾಳಕ್ಕೆ

ಹೆಚ್ಚಿನ ಸೀಕ್ವೆನ್ಸರಲ್ಲಿ ಸಾಲಾಗಿ 16 ಬಟನ್, ಒಂದೊಂದು ಬಟನ್ ಒಂದೊಂದು ಸ್ಟೆಪ್. 4/4ರಲ್ಲಿ ಒಂದು ಆವರ್ತ, ಒಂದು ಬೀಟಿಗೆ ನಾಕು ಸ್ಟೆಪ್. ಮ್ಯಾನ್ಯುಯಲ್ ಎಲ್ಲಾ ಈ ಲೆಕ್ಕದಲ್ಲೇ ಬರೆದಿರ್ತಾರೆ, ನಮ್ಮೋರು ಅಲ್ಲೇ ಸಿಕ್ಕಾಕೊಳ್ಳೋದು. ಆದಿ ತಾಳ ಸುಲಭ, 8 ಅಕ್ಷರ, ಅಕ್ಷರಕ್ಕೆ ನಾಕು ಅಂದ್ರೆ 32 ಸ್ಟೆಪ್, ಎರಡು ಪೇಜು. ಮಿಶ್ರ ಛಾಪು ಹಾಕೋದನ್ನ ಒಂದೊಂದೇ ಹೇಳ್ತೀನಿ, ಇದು ಬಂದ್ರೆ ಮಿಕ್ಕಿದ್ದೆಲ್ಲಾ ಬರುತ್ತೆ.

ಖಾಲಿ ಡ್ರಮ್ ಪ್ಯಾಟರ್ನ್ (ಸುತ್ತು ಹೊಡೀತಾ ಇರೋ ಒಂದು ತುಣುಕು) ತೆಗೀರಿ. ಲಾಸ್ಟ್ ಸ್ಟೆಪ್, ಇಲ್ಲಾ ಲೆಂತ್, ಅಂತ ಒಂದು ಬಟನ್ ಇರುತ್ತೆ, ಅದನ್ನ ಒತ್ತಿ ಹಿಡ್ಕೊಂಡು 14ನೇ ಬಟನ್ ಒತ್ತಿ. ಏಳು ಅಕ್ಷರಕ್ಕೆ ಎರಡೆರಡು ಸ್ಟೆಪ್, ಹದಿನಾಲ್ಕು. ಈಗ ಬಾಯಲ್ಲಿ ತಕಿಟ ತಕ ಧಿಮಿ ಅಂತ ಹೇಳ್ಕೊಳ್ಳಿ, ಬೆರಳು 1, 3, 5, 7, 9, 11, 13ರ ಮೇಲೆ ಓಡ್ಬೇಕು. ಡ್ರಮ್ಸ್ ಚಾನೆಲಲ್ಲಿ ಒಂದೊಂದು ನೋಟ್ ನಂಬರಿಗೆ ಒಂದೊಂದು ವಾದ್ಯ. ನೋಟ್ 36 ಕಿಕ್ಕು (ಕಾಲಲ್ಲಿ ಹೊಡೆಯೋ ದೊಡ್ಡ ಡ್ರಮ್), ಅದನ್ನ 1, 7, 11ಕ್ಕೆ ಹಾಕಿ, ಚಪ್ಪಾಳೆ ಬೀಳೋ ಜಾಗ ಅವು. ನೋಟ್ 42 ಮುಚ್ಚಿದ ಹೈಹ್ಯಾಟು, ಅದನ್ನ ಏಳೂ ಅಕ್ಷರಕ್ಕೆ ಹಾಕಿ, ಆದ್ರೆ ವೆಲಾಸಿಟಿ ಎಲ್ಲಾ 100 ಬಿಡಬೇಡಿ, 1, 7, 11ಕ್ಕೆ 110, ಉಳಿದದ್ದಕ್ಕೆ 60 ಆಸುಪಾಸು. ಪ್ಲೇ ಒತ್ತಿ. ನಾನು ಮೊದಲನೇ ಸಲ ಪ್ರ್ಯಾಕ್ಟೀಸಿಗೆ ಹೋದಾಗ ಲಾಸ್ಟ್ ಸ್ಟೆಪ್ 16ರಲ್ಲೇ ಬಿಟ್ಟಿದ್ದೆ, ಪ್ರತಿ ಸುತ್ತಿಗೂ ಎರಡು ಸ್ಟೆಪ್ ಖಾಲಿ ಹೊಡೀತು, ಹಾರ್ಮೋನಿಯಂ ಮೇಷ್ಟ್ರು ಎರಡು ಆವರ್ತ ತಡ್ಕೊಂಡು ಮೂರನೇದಕ್ಕೆ ಬೆಲ್ಲೋಸ್ ಮೇಲಿಂದ ಕೈ ತೆಗೆದು ನನ್ನನ್ನೇ ನೋಡಿದ್ರು. "ಏನಪ್ಪಾ, ನಿನ್ನ ಮಷಿನ್ನಿಗೆ ಏಳಕ್ಕೆ ಎಂಟಾ?" ಅಂದ್ರು.

ಖಂಡ ಛಾಪಿಗೆ ಹಂಗೇ 10 ಸ್ಟೆಪ್, ತಕ ತಕಿಟ. ತಿಶ್ರ ನಡೆ ಬೇಕಂದ್ರೆ ಲೆಂತ್ ಬದಲಾಯ್ಸಿದ್ರೆ ಸಾಲಲ್ಲ, ಟೈಮ್ ಡಿವಿಷನ್ ಅನ್ನೋದನ್ನ ಟ್ರಿಪ್ಲೆಟ್‌ಗೆ ಹಾಕ್ಬೇಕು, ಆಗ ಒಂದು ಬೀಟಿಗೆ ಮೂರು ಸ್ಟೆಪ್, ಆದಿ ತಾಳ 24 ಸ್ಟೆಪ್ಪಲ್ಲಿ ಮುಗಿಯುತ್ತೆ. ಕೆಲವು ಮಷಿನಲ್ಲಿ ಒಂದೊಂದು ಟ್ರ್ಯಾಕಿಗೂ ಬೇರೆ ಬೇರೆ ಲೆಂತ್ ಇಡ್ಬೋದು. 14ರ ಟ್ರ್ಯಾಕು 16ರ ಟ್ರ್ಯಾಕು ಒಟ್ಟಿಗೆ ಬಿಟ್ರೆ ಎರಡೂ ಮತ್ತೆ ಒಂದೇ ಸಮದಲ್ಲಿ ಸೇರೋದು 112 ಸ್ಟೆಪ್ ಆದ್ಮೇಲೆ. ತನಿ ಆವರ್ತನದಲ್ಲಿ ಮೃದಂಗದವರು ಲೆಕ್ಕ ಹಾಕಿ ಮುಕ್ತಾಯ ಮಾಡೋದು ಕೇಳಿ ಬೆಳೆದೋರಿಗೆ ಇದು ಹೊಸದೇನಲ್ಲ, ಇಲ್ಲಿ ಮಷಿನ್ ಲೆಕ್ಕ ಹಾಕುತ್ತೆ ಅಷ್ಟೆ.

ಸ್ಟೆಪ್ ಒಳಗಿನ ಇನ್ನೆರಡು ಮಾತು. ಗೇಟ್ ಅಂದ್ರೆ ಆ ಸ್ಟೆಪ್ಪಿನಲ್ಲಿ ಎಷ್ಟು ಹೊತ್ತು ನೋಟು ಹಿಡೀಬೇಕು ಅನ್ನೋದು, 50 ಪರ್ಸೆಂಟ್ ಅಂದ್ರೆ ಅರ್ಧ ಸ್ಟೆಪ್. ಟೈ ಅಂದ್ರೆ ಮುಂದಿನ ಸ್ಟೆಪ್ಪಿಗೂ ಎಳೆಯೋದು. ರ‍್ಯಾಚೆಟ್ ಅಂದ್ರೆ ಒಂದೇ ಸ್ಟೆಪ್ ಜಾಗದಲ್ಲಿ ಎರಡು, ಮೂರು, ನಾಕು ಸಲ ಹೊಡೆಯೋದು, ಮುಕ್ತಾಯಕ್ಕೆ ಮುಂಚೆ ಒಂದು ಕಡೆ ಹಾಕಿದ್ರೆ ಚೆಂದ, ಎಲ್ಲಾ ಕಡೆ ಹಾಕಿದ್ರೆ ತಗಡಿನ ಮೇಲೆ ಮಳೆ ಬಿದ್ದಂಗೆ.

ನುಡಿಸಿ ರೆಕಾರ್ಡ್ ಮಾಡೋದು

ಸ್ಟೆಪ್ ಬೇಡ, ನುಡಿಸ್ತೀನಿ ಅಂದ್ರೆ ರಿಯಲ್ ಟೈಮ್ ರೆಕಾರ್ಡ್. ಮೆಟ್ರೊನೋಮ್ ಆನ್ ಮಾಡಿ ರೆಕಾರ್ಡ್ ಪ್ಲೇ ಎರಡೂ ಒತ್ತಿ ನುಡಿಸಿ. ಪ್ಯಾಟರ್ನ್ ಸುತ್ತು ಹೊಡೀತಿರುವಾಗ ಮೇಲೆ ಮೇಲೆ ಸೇರಿಸ್ತಾ ಹೋದ್ರೆ ಓವರ್‌ಡಬ್, ಹಳೇದು ಅಳಿಸಿ ಹೊಸದು ಕೂರಿಸಿದ್ರೆ ರಿಪ್ಲೇಸ್. ಯಾವುದರಲ್ಲಿದೆ ಅಂತ ನೋಡ್ದೆ ರೆಕಾರ್ಡ್ ಒತ್ತಬೇಡಿ.

ಕ್ವಾಂಟೈಸ್ ಅಂದ್ರೆ ಆಚೀಚೆ ಬಿದ್ದ ನೋಟನ್ನ ಹತ್ತಿರದ ಸ್ಟೆಪ್ಪಿಗೆ ಎಳೆದು ಕೂರಿಸೋದು. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬೀಟ್) ಒಂದು ಸ್ಟೆಪ್ 125 ಮಿಲಿಸೆಕೆಂಡ್, ನೀವು 30 ಮಿಲಿಸೆಕೆಂಡ್ ತಡವಾಗಿ ಹೊಡೆದಿದ್ರೆ ಅದು ಸೊನ್ನೆ ಆಗುತ್ತೆ. ಡೋಲಕ್ ಪಾರ್ಟಿಗೆ 100 ಪರ್ಸೆಂಟ್ ಕ್ವಾಂಟೈಸ್ ಹಾಕಿದ್ರೆ ಇಸ್ತ್ರಿ ಪೆಟ್ಟಿಗೆ ಹೊಡೆದಂಗೆ ಚಪ್ಪಟೆ, ಸ್ಟ್ರೆಂತ್ (ಎಷ್ಟು ಎಳೀಬೇಕು ಅನ್ನೋದು) ಅಂತ ಇದ್ರೆ 50, 60 ಇಟ್ಟು ನೋಡಿ. ಸ್ವಿಂಗ್ ಬೇರೆ ವಿಷಯ, ಅದು ಎರಡನೇ, ನಾಕನೇ, ಆರನೇ ಸ್ಟೆಪ್ಪನ್ನ ಬೇಕಂತಲೇ ತಡ ಮಾಡುತ್ತೆ. 50 ಅಂದ್ರೆ ನೆಟ್ಟಗೆ, 66ಕ್ಕೆ ಹೋದ್ರೆ ಹೆಚ್ಚುಕಮ್ಮಿ ತಿಶ್ರದ ಓಲಾಟ. ಜನಪದ ಗೀತೆಗಳಿಗೆ ನಾನು 56, 58 ಇಡ್ತೀನಿ, ನನ್ನ ಕಿವಿ ಅಷ್ಟೆ, ನಿಮ್ಮದು ಬೇರೆ ಇರ್ಬೋದು.

ಗಮಕದ ಬಗ್ಗೆ ಎಲ್ರೂ ಕೇಳ್ತಾರೆ. ಸ್ಟೆಪ್ಪಲ್ಲಿ ಗಮಕ ಬರಲ್ಲ, ಪಿಚ್ ಬೆಂಡ್ ಚಕ್ರ ತಿರುಗಿಸ್ತಾ ರಿಯಲ್ ಟೈಮಲ್ಲೇ ರೆಕಾರ್ಡ್ ಮಾಡ್ಬೇಕು. ಬೆಂಡಿಗೆ 16,384 ಮೆಟ್ಟಿಲಿದೆ, ನಯವಾಗೇ ಬರುತ್ತೆ. ಆದ್ರೆ ಆಮೇಲೆ ಕ್ವಾಂಟೈಸ್ ಹೊಡೆದ್ರೆ ಬಹಳಷ್ಟು ಮಷಿನಲ್ಲಿ ನೋಟ್ ಮಾತ್ರ ಸರಿಯುತ್ತೆ, ಬೆಂಡು ಇದ್ದಲ್ಲೇ ಇರುತ್ತೆ, ಜೋಡಿ ತಪ್ಪುತ್ತೆ. ಮತ್ತೆ ಪ್ಯಾಟರ್ನ್ ಮುಗಿಯೋ ಮುಂಚೆ ಚಕ್ರ ನಡುವಿಗೆ ಬಂದಿರ್ಬೇಕು, ಇಲ್ಲಾಂದ್ರೆ ಮುಂದಿನ ಹಾಡು ಪೂರ್ತಿ ಅಪಸ್ವರ, ಕಾರಣಾನೇ ಗೊತ್ತಾಗಲ್ಲ. ಸಸ್ಟೇನ್ ಪೆಡಲ್ಲಿಗೂ ಇದೇ ಎಚ್ಚರಿಕೆ.

ಪ್ಯಾಟರ್ನು, ಚೈನು, ಟ್ರಾನ್ಸ್‌ಪೋಸು

ಪ್ಯಾಟರ್ನ್ ಒಂದು ಸುತ್ತು, ಅವನ್ನ ಸಾಲಾಗಿ ಪೋಣಿಸಿದ್ರೆ ಚೈನ್ ಇಲ್ಲಾ ಸಾಂಗ್ ಮೋಡ್. ಆರ್ಕೆಸ್ಟ್ರಾದಲ್ಲಿ ಗಣೇಶನ ಪೆಂಡಾಲಿಗೆ ನುಡಿಸೋರಿಗೆ ಸಾಂಗ್ ಮೋಡ್ ಸರಿ, ಪಲ್ಲವಿ ಎಷ್ಟು ಸಲ ಚರಣ ಎಷ್ಟು ಸಲ ಮೊದಲೇ ಗೊತ್ತು. ನಾಟಕಕ್ಕೆ ಬೇಡವೇ ಬೇಡ. ಜನ ಒನ್ಸ್ ಮೋರ್ ಅಂದ್ರೆ, ಯಾರಾದ್ರೂ ಸ್ಟೇಜ್ ಹತ್ತಿ ನೋಟಿನ ಹಾರ ಹಾಕಿದ್ರೆ, ಕೃಷ್ಣ ಅದೇ ಸಾಲನ್ನ ಇನ್ನಾಕು ಸಲ ಹಾಡ್ತಾನೆ, ಸಾಂಗ್ ಮೋಡು ಆಗ್ಲೇ ಮಂಗಳಕ್ಕೆ ಹೋಗಿರುತ್ತೆ. ಪ್ಯಾಟರ್ನ್ ಸುತ್ತು ಹೊಡೀತಿರ್ಲಿ, ಮುಂದಿನದನ್ನ ನೀವೇ ಕೈಯಲ್ಲಿ ಬದಲಾಯ್ಸಿ, ಸೆಟ್ಟಿಂಗ್ ಇದ್ರೆ ಪ್ಯಾಟರ್ನ್ ಮುಗಿದ್ಮೇಲೆ ಬದಲಾಗಲಿ ಅಂತ ಇಡಿ. ಕಂದ ಪದ್ಯ, ಆಲಾಪ ಬಂದಾಗ ಸ್ಟಾಪ್ ಒತ್ತಿ ಕೈ ಕಟ್ಕೊಂಡು ಕೂತ್ಕೊಳ್ಳಿ, ಅದು ಮೇಷ್ಟ್ರ ಹಾರ್ಮೋನಿಯಂ ಜಾಗ. ಮ್ಯೂಟ್ ಬಟನ್ ಚೆನ್ನಾಗಿ ರೂಢಿ ಮಾಡ್ಕೊಳ್ಳಿ, ಹತ್ತು ಪ್ಯಾಟರ್ನ್ ಬರೆಯೋ ಬದ್ಲು ಒಂದೇ ಪ್ಯಾಟರ್ನಲ್ಲಿ ಟ್ರ್ಯಾಕ್ ಮುಚ್ಚಿ ತೆಗೆದು ರಾತ್ರಿಯೆಲ್ಲಾ ಕಳೀಬೋದು.

ಟ್ರಾನ್ಸ್‌ಪೋಸ್ ಅಂದ್ರೆ ಶ್ರುತಿ ಏರಿಸೋದು ಇಳಿಸೋದು. ಒಬ್ಬರು ಒಂದೂವರೆ ಅಂತಾರೆ, ಇನ್ನೊಬ್ಬರು ಎರಡೂವರೆ, ಪ್ಯಾಟರ್ನನ್ನ 2 ಸೆಮಿಟೋನ್ (ಕಪ್ಪು ಬಿಳಿ ಎಲ್ಲಾ ಸೇರಿಸಿ ಎಣಿಸಿದ್ರೆ ಎರಡು ಕೀ) ಏರಿಸಿದ್ರೆ ಆಯ್ತು. ಡ್ರಮ್ ಟ್ರ್ಯಾಕನ್ನ ಮಾತ್ರ ಟ್ರಾನ್ಸ್‌ಪೋಸಿಂದ ಹೊರಗಿಡಿ. 36 ಕಿಕ್ಕು, 2 ಏರಿಸಿದ್ರೆ 38, ಅದು ಸ್ನೇರು. ಬಿಚ್ಚಿದ ಹೈಹ್ಯಾಟ್ 46 ಇದ್ದಿದ್ದು 48 ಆಗಿ ಟಾಮ್ ಹೊಡಿಯುತ್ತೆ. ಗಾಯಕರ ಶ್ರುತಿ ಬದಲಾಯ್ಸೋಕೆ ಹೋಗಿ ತಬಲಾದವರನ್ನೇ ಬದಲಾಯ್ಸಿದಂಗೆ ಆಗುತ್ತೆ.

ಕ್ಲಾಕು

ಎರಡು ಮಷಿನ್ ಒಂದೇ ಲಯದಲ್ಲಿ ಓಡ್ಬೇಕಂದ್ರೆ ಒಂದು ತಾಳ ಹಾಕ್ಬೇಕು, ಇನ್ನೊಂದು ಕೇಳ್ಬೇಕು. ತಾಳ ಹಾಕೋದು ಮಾಸ್ಟರ್, ಅದರಲ್ಲಿ ಕ್ಲಾಕ್ ಇಂಟರ್ನಲ್. ಕೇಳೋದರಲ್ಲಿ ಎಕ್ಸ್‌ಟರ್ನಲ್. ಮಿಡಿ ಕ್ಲಾಕ್ ಒಂದು ಬೀಟಿಗೆ 24 ಸಲ ಟಿಕ್ ಅನ್ನುತ್ತೆ, 120 ಬಿಪಿಎಂನಲ್ಲಿ ಸೆಕೆಂಡಿಗೆ 48. ಮಷಿನ್ ಒಳಗಿನ ಲೆಕ್ಕ ಇನ್ನೂ ಸೂಕ್ಷ್ಮ ಇರ್ಬೋದು, 96 ಪಿಪಿಕ್ಯೂಎನ್ ಅಂತ ಬರೆದಿದ್ರೆ ಒಂದು ಬೀಟನ್ನ 96 ಚೂರು ಮಾಡ್ಕೊಂಡಿದೆ ಅಂತರ್ಥ. ಇಬ್ಬರನ್ನೂ ಇಂಟರ್ನಲ್ ಇಟ್ರೆ ಎರಡೂ 120 ತೋರಿಸ್ತಿದ್ರೂ ನಿಧಾನಕ್ಕೆ ಒಂದರಿಂದ ಒಂದು ಜಾರುತ್ತೆ. ಒಂದೇ ಮಷಿನ್ ಇದ್ದು ಅದು ಎಕ್ಸ್‌ಟರ್ನಲಲ್ಲಿ ಸಿಕ್ಕಾಕೊಂಡಿದ್ರೆ ಪ್ಲೇ ಒತ್ತಿದ್ರೆ ಓಡಲ್ಲ, ಯಾರೋ ತಾಳ ಹಾಕ್ತಾರೆ ಅಂತ ಕಾಯ್ತಿರುತ್ತೆ. ಸೆಕೆಂಡ್ ಹ್ಯಾಂಡ್ ತಗೊಂಡು ಕೆಟ್ಟೋಗಿದೆ ಅನ್ನೋರು ಮೊದಲು ಇದನ್ನ ನೋಡಿ.

ಸೇವ್

ಇದನ್ನ ಮೊದಲೇ ಹೇಳ್ಬೇಕಿತ್ತು. ಬಹಳಷ್ಟು ಸೀಕ್ವೆನ್ಸರಲ್ಲಿ ನೀವು ಬದಲಾಯ್ಸಿದ್ದು ತಾತ್ಕಾಲಿಕ ಮೆಮೊರೀಲಿರುತ್ತೆ, ಸೇವ್ ಒತ್ತೋ ತನಕ ಗಟ್ಟಿ ಅಲ್ಲ. ಪ್ಯಾಟರ್ನ್ ಸೇವ್ ಬೇರೆ, ಪ್ರಾಜೆಕ್ಟ್ ಸೇವ್ ಬೇರೆ ಇರೋದೂ ಉಂಟು. ಶಿರಾ ಕಡೆ ಒಂದು ಊರಲ್ಲಿ ಸಾಯಂಕಾಲ ಮೂರು ಗಂಟೆ ಕೂತು ಎಲ್ಲಾ ಸೀನಿಗೂ ಪ್ಯಾಟರ್ನ್ ಹಾಕಿದ್ದೆ, ಎಂಟೂವರೆಗೆ ಕರೆಂಟಿಂದ ಜನರೇಟರ್‌ಗೆ ಬದಲಾಯ್ಸಿದ್ರು, ಎರಡೇ ಸೆಕೆಂಡು. ಅಷ್ಟೂ ಲೈಟು ಮತ್ತೆ ಹತ್ಕೊಂಡವು, ಪ್ಯಾಟರ್ನ್ 1, ಖಾಲಿ. ಅವತ್ತು ರಾತ್ರಿ ಆದಿ ತಾಳ ಒಂದೇ ಪ್ಯಾಟರ್ನಲ್ಲಿ ಹದಿನೆಂಟು ದಿನದ ಯುದ್ಧ ಮುಗಿಸಿದ್ವಿ. ಈಗ ಚಿಕ್ಕ ಯುಪಿಎಸ್ ಇಟ್ಟಿದೀನಿ, ಪ್ರತಿ ಪ್ಯಾಟರ್ನಿಗೂ ಸೇವ್.

1980, 90ರ ದಶಕದ ಹಳೇ ಡಬ್ಬ ಸಿಕ್ಕಿದ್ರೆ ಒಳಗೆ ನಾಣ್ಯದ ತರ ಒಂದು ಲಿಥಿಯಂ ಬ್ಯಾಟರಿ ಇರೋ ಸಾಧ್ಯತೆ ಇದೆ, ಮೆಮೊರಿ ಉಳಿಸೋಕೆ. ಆಫ್ ಮಾಡಿ ಆನ್ ಮಾಡಿದ್ರೆ ಪ್ಯಾಟರ್ನೆಲ್ಲಾ ಮಾಯ ಆಗ್ತಿದ್ರೆ ಅದು ಸತ್ತಿದೆ. ಸಾಯೋ ಮುಂಚೇನೇ ಬದಲಾಯ್ಸೋದಾದ್ರೆ ಮೊದಲು ಸಿಸೆಕ್ಸ್ ಡಂಪ್ ಅಂತ ಮೆನುವಲ್ಲಿ ಹುಡುಕಿ ಎಲ್ಲಾ ಪ್ಯಾಟರ್ನನ್ನ ಮಿಡಿ ಕೇಬಲ್ ಮೂಲಕ ಕಂಪ್ಯೂಟರಿಗೆ ಇಳಿಸ್ಕೊಳ್ಳಿ, ಬ್ಯಾಟರಿ ಕಿತ್ತ ಗಳಿಗೇಲೇ ಒಳಗಿದ್ದದ್ದು ಹೋಗಿರುತ್ತೆ. ಕೆಲವದರಲ್ಲಿ ಆ ಬ್ಯಾಟರಿ ಬೆಸುಗೆ ಹಾಕಿರ್ತಾರೆ, ಕೈಯಲ್ಲಿ ಎಬ್ಬಿಸೋಕೆ ಹೋಗ್ಬೇಡಿ, ಟಿವಿ ರೇಡಿಯೋ ರಿಪೇರಿ ಮಾಡೋರ ಹತ್ರ ಬ್ಯಾಟರಿ ಹೋಲ್ಡರ್ ಹಾಕಿಸ್ಕೊಂಡ್ರೆ ಮುಂದಿನ ಸಲ ನೀವೇ ಬದಲಾಯ್ಸ್ಕೋಬೋದು.